ಓದುವ ಹುಡುಗಿಯ ಬಲಗೈಗೆ ಬೆಲೆ ಎಷ್ಟು?

ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಯಾವ ಬಸ್ ನಿಲ್ದಾಣದಲ್ಲಿ ನಿಂತರೂ ಕಾಣುವುದು ಒಂದೇ ನೋಟ. ಹೆಗಲಿಗೆ ಚೀಲ, ಕೈಯಲ್ಲಿ ಊಟದ ಡಬ್ಬಿ ಹಿಡಿದ ಮಕ್ಕಳು. ಬಂದ ಬಸ್ಸು ಆಗಲೇ ತುಂಬಿರುತ್ತದೆ. ಅದರೊಳಗೆ ಹೇಗೋ ತೂರಿಕೊಂಡು ಚಿತ್ರದುರ್ಗದ ಕಾಲೇಜಿಗೆ ಹೊರಟವರು ಸಂಜೆ ಮನೆಗೆ ಬರುವವರೆಗೆ ತಾಯಿಯ ಕಣ್ಣು ಬಾಗಿಲ ಮೇಲೆಯೇ.

ಹೀಗೆ ಹೊರಟ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಹದಿನೇಳು ವರ್ಷ, ದ್ವಿತೀಯ ಪಿಯುಸಿ. ಪುಣ್ಯಕ್ಕೆ ಕಿಟಕಿ ಪಕ್ಕ ಸೀಟು ಸಿಕ್ಕಿದೆ. ಮೊಣಕೈಯನ್ನು ಕಿಟಕಿಯ ಮೇಲೆ ಊರಿ ಪುಸ್ತಕ ತೆರೆದಿದ್ದಾಳೆ. ಹೊಳಲ್ಕೆರೆ ದಾಟಿದ ಮೇಲೆ ಎದುರಿನಿಂದ ಬಂದ ಲಾರಿ ಬಸ್ಸನ್ನು ಉಜ್ಜಿಕೊಂಡು ಹೋಗುತ್ತದೆ. ಬಲಗೈಯ ಎರಡೂ ಎಲುಬು ಮುರಿಯುತ್ತವೆ. ದಾವಣಗೆರೆಯಲ್ಲಿ ಶಸ್ತ್ರಚಿಕಿತ್ಸೆ, ಎರಡು ಪ್ಲೇಟು. ಆ ವರ್ಷದ ಪರೀಕ್ಷೆ ಹೋಯಿತು. ಆರು ತಿಂಗಳ ಮೇಲೂ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಎರಡು ಪುಟ ಬರೆಯುವಷ್ಟರಲ್ಲಿ ಬೆರಳು ಸೋಲುತ್ತವೆ.

ಇಂಥ ಹೊತ್ತಿನಲ್ಲಿ ಮನೆಗೆ ಬಂದ ನೆಂಟರು ಆಡುವ ಮಾತು ನಿಮಗೂ ಗೊತ್ತು. 'ಜೀವ ಉಳಿಯಿತಲ್ಲ, ಅಷ್ಟೇ ಸಾಕು. ಅವಳೇನು ದುಡಿಯುತ್ತಿದ್ದಳೇ, ಪರಿಹಾರ ಕೇಳೋದಕ್ಕೆ?' ಈ ವಾರ ನಾನು ಬರೆಯಬೇಕೆಂದಿರುವುದು ಈ ಮಾತಿನ ಬಗ್ಗೆಯೇ. ದುಡಿಯದ ಮಗುವಿಗೆ ನಷ್ಟವೇ ಇಲ್ಲವೆಂದು ಕಾನೂನು ಎಲ್ಲಿಯೂ ಹೇಳಿಲ್ಲ. ಹಾಗೆ ಹೇಳುತ್ತಿರುವವರು ನಾವೇ.

ಮೊದಲು ಆಸ್ಪತ್ರೆಗೆ ಹೋಗೋಣ. ಏಕೆಂದರೆ ಅರ್ಧ ಮೊಕದ್ದಮೆ ಗೆಲ್ಲುವುದೂ ಸೋಲುವುದೂ ಅಲ್ಲಿನ ತುರ್ತು ವಿಭಾಗದ ಮೇಜಿನ ಮುಂದೆ. 'ಏನಾಯಿತು?' ಎಂದು ವೈದ್ಯರು ಕೇಳಿದಾಗ ಗಾಬರಿಯಲ್ಲಿರುವ ತಂದೆ, ಪೊಲೀಸು ಕೋರ್ಟು ಎಂದು ಅಲೆದಾಟ ಯಾಕೆ ಎಂದುಕೊಂಡು, ಅಥವಾ ಪಕ್ಕದಲ್ಲಿ ನಿಂತ ಬಸ್ಸಿನವರ ಮಾತು ಕೇಳಿ, 'ಮೆಟ್ಟಿಲಿಂದ ಜಾರಿ ಬಿದ್ದಳು' ಎಂದುಬಿಡುತ್ತಾನೆ. ಅದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ. ಎರಡು ವರ್ಷದ ಮೇಲೆ ವಿಮಾ ಕಂಪನಿಯ ವಕೀಲರು ಅದೇ ಹಾಳೆಯನ್ನು ಎತ್ತಿ ಹಿಡಿದಾಗ ಯಾರು ಏನು ಹೇಳಿದರೂ ನಡೆಯುವುದು ಕಷ್ಟ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿ: ಯಾವ ಬಸ್ಸು, ಎಲ್ಲಿ, ಎಷ್ಟು ಹೊತ್ತಿಗೆ. ಮೆಡಿಕೋ-ಲೀಗಲ್ ಪ್ರಕರಣವೆಂದು ದಾಖಲಿಸಿ ಎಂದು ಕೇಳಿ. ಆಸ್ಪತ್ರೆಯಿಂದಲೇ ಪೊಲೀಸರಿಗೆ ಸುದ್ದಿ ಹೋಗುತ್ತದೆ.

ಅಪಘಾತ ಹೊಳಲ್ಕೆರೆಯಲ್ಲಿ, ಮಗಳು ದಾವಣಗೆರೆಯಲ್ಲಿ. ದೂರು ಎಲ್ಲಿ ಕೊಡಬೇಕು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಘಟನೆ ತನ್ನ ಸರಹದ್ದಿನದಲ್ಲ ಎಂದು ಠಾಣೆಯವರು ದೂರನ್ನು ತಿರಸ್ಕರಿಸುವಂತಿಲ್ಲ. ದೂರು ಕೊಟ್ಟವರಿಗೆ ಎಫ್ಐಆರ್ ಪ್ರತಿ ಉಚಿತವಾಗಿಯೇ ಸಿಗಬೇಕು. ಕೇಳಿ ಪಡೆಯಿರಿ, ಓದಿ ನೋಡಿ. ಹೆಸರು, ವಯಸ್ಸು, ವಾಹನದ ಸಂಖ್ಯೆ, ಇವುಗಳಲ್ಲಿ ಒಂದು ಅಕ್ಷರ ತಪ್ಪಿದ್ದರೂ ಆಗಲೇ ಹೇಳಿ ಸರಿಪಡಿಸಿಕೊಳ್ಳಿ. 2022ರ ಏಪ್ರಿಲ್‌ನಿಂದ ಪೊಲೀಸರಿಗೂ ಗಡುವುಗಳಿವೆ. ಅಪಘಾತದ ಮೊದಲ ವರದಿಯನ್ನು 48 ಗಂಟೆಗಳೊಳಗೆ, ವಿವರವಾದ ವರದಿಯನ್ನು 90 ದಿನಗಳೊಳಗೆ ಅವರು ನ್ಯಾಯಮಂಡಳಿಗೆ ಸಲ್ಲಿಸಬೇಕು. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಎಲ್ಲವೂ ತಾನಾಗಿಯೇ ನಡೆಯುತ್ತದೆಂದು ಕೈಕಟ್ಟಿ ಕೂರುವವರಿಗೆ ನಾನು ಹಾಗೆ ಕೂರಬೇಡಿ ಎಂದೇ ಹೇಳುತ್ತೇನೆ.

ಚಿಕಿತ್ಸೆಯ ಹಣದ ಬಗ್ಗೆ ಒಂದು ಮಾತು. ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಆಸ್ಪತ್ರೆಯಲ್ಲಿ ಅದನ್ನು ಹೆಸರು ಹೇಳಿ ಕೇಳಿ. ಅದರಾಚೆಗೆ ನೀವು ಖರ್ಚು ಮಾಡಿದ ಪ್ರತಿ ರೂಪಾಯಿಯ ರಶೀದಿಯೂ ಬೇಕು. ಔಷಧದ ಅಂಗಡಿಯ ಚೀಟಿ, ಎಕ್ಸ್-ರೇ, ಕಾರಿನ ಬಾಡಿಗೆ, ಎಲ್ಲವೂ. ಹಳೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟ ಲೆಕ್ಕ ಕೋರ್ಟಿನಲ್ಲಿ ಓಡುವುದಿಲ್ಲ.

ಇನ್ನು ಅತಿ ಮುಖ್ಯವಾದ ಗಂಡಾಂತರ: ರಾಜಿ. ಅಪಘಾತವಾದ ಮೂರನೆಯ ದಿನವೋ ಎಂಟನೆಯ ದಿನವೋ ಆಸ್ಪತ್ರೆಗೆ ಒಬ್ಬರು ಬರುತ್ತಾರೆ. ತುಂಬ ಒಳ್ಳೆಯ ಮಾತು, ಕೈಯಲ್ಲಿ ಹಣ್ಣಿನ ಚೀಲ. ಹತ್ತೋ ಇಪ್ಪತ್ತೋ ಸಾವಿರ ಕೊಟ್ಟು, 'ಇದು ಖರ್ಚಿಗೆ ಇರಲಿ, ಇಲ್ಲೊಂದು ಸಹಿ' ಎನ್ನುತ್ತಾರೆ. ಬಿಲ್ಲಿನ ಚಿಂತೆಯಲ್ಲಿರುವ ಅಪ್ಪ ಸಹಿ ಹಾಕುತ್ತಾನೆ. ಅವನನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ ತಿಳಿದಿರಲಿ: ಹದಿನೆಂಟು ತುಂಬದ ಮಗಳ ಪರಿಹಾರ ಮಗಳದು, ಅಪ್ಪನದಲ್ಲ. ಅವಳ ಪರವಾಗಿ ಅರ್ಜಿ ಹಾಕಿದ ತಂದೆತಾಯಿ ಕೂಡ ನ್ಯಾಯಾಲಯದ ಅನುಮತಿಯಿಲ್ಲದೆ ಆ ಅರ್ಜಿಯಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ಸಹಿ ಹಾಕಿಯಾಗಿದ್ದರೆ ಎಲ್ಲ ಮುಗಿಯಿತೆಂದು ಸುಮ್ಮನಾಗಬೇಡಿ, ವಕೀಲರಿಗೆ ಆ ಕಾಗದದ ವಿಷಯ ಮುಚ್ಚಿಡದೆ ಹೇಳಿ.

ಇದೇ ಸಾಲಿನ ಇನ್ನೊಂದು ಎಚ್ಚರಿಕೆ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ಯಾರ ತಪ್ಪೆಂದು ಸಾಬೀತುಪಡಿಸದೆಯೇ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಸಿಗುತ್ತದೆ. ಮೂಳೆ ಮುರಿತವೆಂದರೆ ಕಾನೂನಿನ ಕಣ್ಣಿಗೆ ತೀವ್ರ ಗಾಯವೇ. ಕೇಳುವುದಕ್ಕೆ ಸುಲಭವಾದ ದಾರಿ. ಆದರೆ ಆ ಹಣವನ್ನು ಒಪ್ಪಿಕೊಂಡರೆ 166ನೇ ಕಲಮಿನಡಿ ನೀವು ಕೇಳಬಹುದಾಗಿದ್ದ ಪೂರ್ಣ ಪರಿಹಾರದ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಸಣ್ಣ ಮುರಿತವಾಗಿ ಗುಣವಾಗಿದ್ದರೆ ಅದು ಒಳ್ಳೆಯ ಮೊತ್ತವೇ. ಬರೆಯುವ ಕೈ ಸೋತಿದ್ದರೆ ಅವಸರ ಬೇಡ.

ಅವಸರ ಬೇಡವೆಂದರೆ ತಡ ಮಾಡಿ ಎಂದಲ್ಲ. 1994ರ ತಿದ್ದುಪಡಿಯ ಮೇಲೆ ಬಹುಕಾಲ ಈ ಅರ್ಜಿಗೆ ಕಾಲಮಿತಿಯೇ ಇರಲಿಲ್ಲ. ಅದನ್ನೇ ನೆನಪಿಟ್ಟುಕೊಂಡ ಹಿರಿಯರು 'ಯಾವಾಗ ಬೇಕಾದರೂ ಹಾಕಬಹುದು' ಎನ್ನುತ್ತಾರೆ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಮತ್ತೆ ಬಂದಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದು, ಅವಧಿ ಮೀರಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಯಿತು. ಮಧ್ಯಂತರ ಎಂಬ ಮಾತನ್ನು ಗಮನಿಸಿ. ಅದನ್ನು ನಂಬಿ ಏಳನೆಯ ತಿಂಗಳಿಗೆ ಕಾಯುವುದು ಜಾಣತನವಲ್ಲ.

ಅರ್ಜಿಯನ್ನು ಅಪಘಾತ ನಡೆದ ಜಾಗದ ನ್ಯಾಯಮಂಡಳಿಯಲ್ಲೇ ಹಾಕಬೇಕೆಂದಿಲ್ಲ, ನೀವು ವಾಸಿಸುವ ಕಡೆಯೂ ಹಾಕಬಹುದು. ಹೊಸದುರ್ಗದ ಮಗು ತುಮಕೂರಿನ ಬಳಿ ಗಾಯಗೊಂಡರೆ ತುಮಕೂರಿಗೆ ಅಲೆಯಬೇಕಾಗಿಲ್ಲ. ಚಿತ್ರದುರ್ಗದ ಜಿಲ್ಲಾ ನ್ಯಾಯಾಲಯವಲ್ಲದೆ ತಾಲ್ಲೂಕು ಕೇಂದ್ರಗಳ ಹಿರಿಯ ಸಿವಿಲ್ ನ್ಯಾಯಾಧೀಶರೂ ಮೋಟಾರು ಅಪಘಾತ ಪರಿಹಾರದ ಅರ್ಜಿಗಳನ್ನು ನೋಡುತ್ತಾರೆ.

ಯಾರ ಮೇಲೆ ಅರ್ಜಿ? 2020ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ಕೆ.ಆರ್. ಹಳ್ಳಿ ಬಳಿ ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಹೊತ್ತಿ ಉರಿದು ಐವರು ಸತ್ತರು. ಅಲ್ಲಿ ಇದ್ದದ್ದು ಒಂದೇ ವಾಹನ. 2025ರ ಡಿಸೆಂಬರ್ 25ರ ನಸುಕಿನಲ್ಲಿ ಅದೇ ತಾಲ್ಲೂಕಿನ ಗೊರ್ಲತ್ತು ಬಳಿ ಲಾರಿಯೊಂದು ರಸ್ತೆ ವಿಭಜಕ ದಾಟಿ ಬಂದು ಸ್ಲೀಪರ್ ಬಸ್ಸಿಗೆ ಅಪ್ಪಳಿಸಿತು. ಅಲ್ಲಿ ಎರಡು. ನಮ್ಮ ಹುಡುಗಿಯದೂ ಎರಡನೆಯ ಬಗೆ. ಲಾರಿಯವನು ಬಸ್ಸಿನವನನ್ನು ತೋರಿಸುತ್ತಾನೆ, ಬಸ್ಸಿನವನು ಲಾರಿಯನ್ನು. ಇಬ್ಬರ ಜಗಳದಲ್ಲಿ ಪ್ರಯಾಣಿಕರು ಬಡವಾಗಬೇಕಾಗಿಲ್ಲ. ಎರಡು ವಾಹನಗಳ ತಪ್ಪಿನಿಂದ ಮೂರನೆಯವರಿಗೆ ಗಾಯವಾದರೆ ಪೂರ್ತಿ ಪರಿಹಾರವನ್ನು ಯಾರೊಬ್ಬರಿಂದಲಾದರೂ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ನಮ್ಮ ಹೈಕೋರ್ಟಿನ ಪೂರ್ಣಪೀಠ ಅದಕ್ಕೂ ಮೊದಲೇ ಇದೇ ನಿಲುವು ತಳೆದಿತ್ತು. ಆದರೂ ಎರಡೂ ವಾಹನಗಳ ಮಾಲೀಕರನ್ನೂ ವಿಮಾ ಕಂಪನಿಗಳನ್ನೂ ಅರ್ಜಿಯಲ್ಲಿ ಸೇರಿಸುವುದೇ ಕ್ಷೇಮ. ಸರ್ಕಾರಿ ಸಾರಿಗೆ ಬಸ್ಸಾದರೆ ಸಾಮಾನ್ಯವಾಗಿ ವಿಮಾ ಕಂಪನಿ ಇರುವುದಿಲ್ಲ; ಸಂಸ್ಥೆಯ ಆಂತರಿಕ ವಿಮಾ ನಿಧಿಯೇ ಹಣ ಕಟ್ಟುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಒಂದು ತಪ್ಪು ತಿಳಿವಳಿಕೆ ಸುಳಿಯಬಹುದು: ಶೂನ್ಯ ಟಿಕೆಟ್ಟಿನವಳಿಗೆ ಪರಿಹಾರವೂ ಶೂನ್ಯವೇ ಎಂದು. ಹಾಗಿಲ್ಲ. ಟಿಕೆಟ್ಟಿನ ಬೆಲೆ ಸೊನ್ನೆಯಾದರೂ ಅವಳು ಪ್ರಯಾಣಿಕಳೇ. ವಿದ್ಯಾರ್ಥಿ ಪಾಸಿನವರೂ ಅಷ್ಟೆ. ಟಿಕೆಟ್ಟನ್ನು ಮಾತ್ರ ಎಸೆಯಬೇಡಿ.

'ಕೈ ಕಿಟಕಿಯಲ್ಲಿತ್ತು, ತಪ್ಪು ಅವಳದೇ' ಎಂಬ ವಾದ ಬಂದೇ ಬರುತ್ತದೆ. 1974ರಲ್ಲಿ ವರದಿಯಾದ ತೀರ್ಪೊಂದರಲ್ಲಿ ಮಧ್ಯಪ್ರದೇಶ ಹೈಕೋರ್ಟು ಇಂಥದೇ ಪ್ರಶ್ನೆಯನ್ನು ನೋಡಿತು. ಕಿಟಕಿಯ ಮೇಲೆ ಮೊಣಕೈ ಊರಿ ಕೂರುವುದು ಪ್ರಯಾಣಿಕರ ಸಹಜ ಅಭ್ಯಾಸ, ಚಾಲಕ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಬಸ್ಸು ಓಡಿಸಬೇಕು ಎಂಬುದು ಅಲ್ಲಿನ ತಿರುಳು. ಅದು ಬೇರೆ ರಾಜ್ಯದ ತೀರ್ಪು, ನಮ್ಮಲ್ಲಿ ಪ್ರತಿ ಪ್ರಕರಣದ ವಿವರ ನೋಡಿಯೇ ನಿರ್ಧಾರವಾಗುತ್ತದೆ. ಕೈಯನ್ನು ಉದ್ದಕ್ಕೆ ಹೊರಚಾಚಿದ್ದರೆ, ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದರೆ, ಟಾಪಿನ ಮೇಲೆ ಕೂತಿದ್ದರೆ ಪರಿಹಾರದಲ್ಲಿ ಒಂದು ಪಾಲು ಕಡಿತವಾಗಬಹುದು. ಹುಡುಗರೇ, ಇದು ನಿಮಗೆ.

ಈಗ ಬೆಲೆಯ ಮಾತಿಗೆ ಬರೋಣ. 2013ರಲ್ಲಿ ಕರ್ನಾಟಕದ ಒಬ್ಬ ಬಾಲಕನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಕ್ಕಳ ಶಾಶ್ವತ ಅಂಗವಿಕಲತೆ ಇಡೀ ದೇಹಕ್ಕೆ ಶೇ. 10ರಿಂದ 30 ಇದ್ದರೆ ಚಿಕಿತ್ಸೆ ಮುಂತಾದ ಖರ್ಚು ಬಿಟ್ಟು ಮೂರು ಲಕ್ಷ ರೂಪಾಯಿ, ಶೇ. 60ರವರೆಗೆ ನಾಲ್ಕು ಲಕ್ಷ, ಹೀಗೆ ಒಂದು ಅಳತೆ ಕೊಟ್ಟಿತು. ಆಗ ಅದೇ ದೊಡ್ಡ ಸಮಾಧಾನ. ಅದಕ್ಕೂ ಮುಂಚೆ 2010ರಲ್ಲಿ, ಮೆಸ್ರಾದ ಕಾಲೇಜಿನ ಕೊನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಶೇ. 70 ಅಂಗವೈಕಲ್ಯವಾದಾಗ, ಅವನಿಗೆ ಸಂಬಳವೇ ಇರದಿದ್ದರೂ, ವರ್ಷಕ್ಕೆ 60,000 ರೂಪಾಯಿ ಆದಾಯವೆಂದು ಎಣಿಸಿ ಒಟ್ಟು 9,06,000 ರೂಪಾಯಿ ಕೊಡಿಸಲಾಯಿತು. 2025ರ ಸೆಪ್ಟೆಂಬರಿನಲ್ಲಿ ಗುಜರಾತಿನ ಒಬ್ಬ ಬಾಲಕನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಗುವನ್ನು ಸಂಪಾದನೆ ಇಲ್ಲದವರ ಸಾಲಿಗೆ ಸೇರಿಸಬಾರದು, ಆಯಾ ರಾಜ್ಯದಲ್ಲಿ ಕುಶಲ ಕಾರ್ಮಿಕನಿಗೆ ನಿಗದಿಯಾದ ಕನಿಷ್ಠ ಕೂಲಿಯನ್ನೇ ಅದರ ಆದಾಯವೆಂದು ಹಿಡಿಯಬೇಕು ಎಂದಿತು. ನೆಂಟರ ಮಾತಿಗೆ ಇದೇ ಉತ್ತರ.

ಲೆಕ್ಕ ಹಾಕಿ ನೋಡೋಣ. ಕೂಲಿ ತಿಂಗಳಿಗೆ 15,000 ಎಂದೇ ಇಟ್ಟುಕೊಳ್ಳಿ, ವರ್ಷಕ್ಕೆ 1,80,000. ಭವಿಷ್ಯದ ಏರಿಕೆಗೆ ಶೇ. 40 ಸೇರಿಸಿದರೆ 2,52,000. ಕೈಯ ದೋಷದಿಂದ ದುಡಿಮೆಯ ಶಕ್ತಿ ಶೇ. 15ರಷ್ಟು ಕುಂದಿದೆ ಎಂದಾದರೆ ವರ್ಷದ ನಷ್ಟ 37,800. ಹದಿನೈದರಿಂದ ಇಪ್ಪತ್ತೈದರ ವಯಸ್ಸಿನವರಿಗೆ ಗುಣಕ 18. ಒಟ್ಟು 6,80,400 ರೂಪಾಯಿ. ನೋವು, ಆಸ್ಪತ್ರೆ ಖರ್ಚು, ನೋಡಿಕೊಂಡವರ ಖರ್ಚು, ಕಳೆದುಹೋದ ಓದಿನ ವರ್ಷ, ಇವೆಲ್ಲ ಬೇರೆ. ಪ್ಲೇಟು ತೆಗೆಸುವ ಮುಂದಿನ ಶಸ್ತ್ರಚಿಕಿತ್ಸೆಯನ್ನು ಬಹಳ ಜನ ಮರೆಯುತ್ತಾರೆ. ಅದಕ್ಕೆ ಎಷ್ಟಾಗುತ್ತದೆಂದು ವೈದ್ಯರಿಂದ ಬರೆಸಿಕೊಳ್ಳಿ.

ಆ ಶೇ. 15 ಎಂಬ ಅಂಕಿಯಲ್ಲೇ ಎಲ್ಲ ಇದೆ. ಕೈಗೆ ಇಷ್ಟು ದೋಷ ಎಂದು ವೈದ್ಯರು ಬರೆದರೆ ಅದೇ ದುಡಿಮೆಯ ನಷ್ಟವಲ್ಲ, ಆ ದೋಷ ಆ ವ್ಯಕ್ತಿಯ ಬದುಕಿನಲ್ಲಿ ಏನು ಮಾಡಿತು ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ವಿವರಿಸಿದೆ. ಆದ್ದರಿಂದ ಚಿಕಿತ್ಸೆ ಕೊಟ್ಟ ವೈದ್ಯರೇ ಸಾಕ್ಷಿ ಹೇಳುವುದು ಒಳ್ಳೆಯದು. ಕಾಲೇಜಿನ ಹಾಜರಾತಿ, ಹಿಂದಿನ ಅಂಕಪಟ್ಟಿ, ಪರೀಕ್ಷೆ ತಪ್ಪಿದ್ದಕ್ಕೆ ಪ್ರಾಂಶುಪಾಲರ ಪತ್ರ, ಇವನ್ನೂ ಹಾಜರುಪಡಿಸಿ.

ವಕೀಲರ ಶುಲ್ಕಕ್ಕೆ ಹೆದರುವವರಿಗೆ: ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಹಕ್ಕು. ಚಿತ್ರದುರ್ಗದ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಬಂದ ಹಣದಲ್ಲಿ ಇಷ್ಟು ಪಾಲು ಎಂದು ವಕೀಲರು ಕರಾರು ಮಾಡಿಕೊಳ್ಳುವುದಕ್ಕೆ ವಕೀಲರ ಪರಿಷತ್ತಿನ ನಿಯಮದಲ್ಲೇ ಅವಕಾಶವಿಲ್ಲ. ಲೋಕ ಅದಾಲತ್ತಿನಲ್ಲಿ ಬೇಗ ಮುಗಿಯುತ್ತದೆ, ನಿಜ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿಯಿಲ್ಲ. ಮೇಲಿನ ಲೆಕ್ಕ ಕೈಯಲ್ಲಿಟ್ಟುಕೊಂಡು ಹೋಗಿ. ನ್ಯಾಯಮಂಡಳಿಯ ತೀರ್ಪು ಕಡಿಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು.

ಅಪ್ರಾಪ್ತರ ಹಣವನ್ನು ನ್ಯಾಯಮಂಡಳಿ ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ಓದಿಗೋ ಚಿಕಿತ್ಸೆಗೋ ನಡುವೆ ಬೇಕಾದರೆ ಕಾರಣ ಹೇಳಿ ಅರ್ಜಿ ಹಾಕಿ ಪಡೆಯಬಹುದು. ಹದಿನೆಂಟು ತುಂಬಿದ ಮೇಲೆ ಹಣ ತಾನಾಗಿ ಮನೆಗೆ ಬರುತ್ತದೆಂದು ಕಾಯುತ್ತಾ ಕೂರಬೇಡಿ. ನ್ಯಾಯಾಲಯಕ್ಕೆ ಹೋಗಿ ಕೇಳಿ. ಆಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜತೆಗಿರಲಿ, ಜನ್ಮದಿನಾಂಕಕ್ಕೆ ಅದನ್ನೇ ಕೇಳುತ್ತಾರೆ.