ವ್ಯಾಪಾರದ ಮಾತು: ‘ವೋವನ್’ ಬೇರೆ, ‘ನಿಟೆಡ್’ ಬೇರೆ



ಬಟ್ಟೆ ವ್ಯಾಪಾರಕ್ಕೆ ಹೊಸದಾಗಿ ಇಳಿಯುವ ನಮ್ಮ ಹುಡುಗರು ಮಾಲಿಗಾಗಿ ತಿರುಪ್ಪೂರು, ಕೊಯಮತ್ತೂರು ಕಡೆಗೆ ಹೋಗುತ್ತಾರೆ. ಅಲ್ಲಿ ಕಿವಿಗೆ ಬೀಳುವ ಎರಡು ಇಂಗ್ಲಿಷ್ ಪದಗಳ ಭೇದ ತಿಳಿಯದೆ ಆರ್ಡರ್ ಕೊಟ್ಟರೆ ಬಂಡವಾಳಕ್ಕೇ ಪೆಟ್ಟು. ಆದ್ದರಿಂದ ಈ ತಿಂಗಳು ಅವುಗಳನ್ನೇ ತೆಗೆದುಕೊಂಡಿದ್ದೇವೆ.

‘ವೋವನ್’ ಎಂದರೆ ನೇಯ್ದದ್ದು, ‘ನಿಟೆಡ್’ ಎಂದರೆ ಹೆಣೆದದ್ದು. ನೇಯ್ಗೆಯಲ್ಲಿ ಹಾಸು ಮತ್ತು ಹೊಕ್ಕಿನ ನೂಲುಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಹೆಣಿಗೆಯಲ್ಲಿ ನೂಲು ಕುಣಿಕೆಯಾಗಿ ಬಾಗಿ, ಹಿಂದಿನ ಕುಣಿಕೆಯೊಳಗಿಂದ ತೂರಿ ಬರುತ್ತದೆ. ಮನೆಯಲ್ಲಿ ಸ್ವೆಟರ್ ಹೆಣೆಯುವ ಕ್ರಮವೇ ಇದು. ಪಂಚೆ, ಹಾಸಿಗೆ ಹೊದಿಕೆ ನೇಯ್ದವು. ಬನಿಯನ್, ಟೀ-ಶರ್ಟು, ಕಾಲುಚೀಲ ಹೆಣೆದವು. ಬನಿಯನ್ ಹಿಗ್ಗಿ ಮೈಗೆ ಹೊಂದಿಕೊಳ್ಳುವುದು ಆ ಕುಣಿಕೆಗಳಿಂದಲೇ.

ಊರುಗಳೂ ಕಸುಬನ್ನು ಹಂಚಿಕೊಂಡಿವೆ. ತಿರುಪ್ಪೂರು ಹೆಣೆದ ಉಡುಪಿನ ಪೇಟೆ. ಹತ್ತಿರದ ಪಲ್ಲಡಂ, ಸೋಮನೂರುಗಳಲ್ಲಿ ವಿದ್ಯುತ್ ಮಗ್ಗದ ನೇಯ್ಗೆ. ಕೊಯಮತ್ತೂರು ನೂಲಿನ ಗಿರಣಿಗಳಿಗೆ ಹೆಸರಾದ ಊರು. ನೂಲಿನಲ್ಲೂ ಭೇದವುಂಟು: ಹೆಣಿಗೆಯ ನೂಲಿಗೆ ಹುರಿ ಕಡಿಮೆ, ಹಾಸಿನ ನೂಲಿಗೆ ಹೆಚ್ಚು.

ಹೊಸಬರು ಎಡವುವುದು ಅಳತೆಯಲ್ಲಿ. ನೇಯ್ದ ಬಟ್ಟೆಗೆ ಮೀಟರ್ ಲೆಕ್ಕ, ಹೆಣೆದ ಬಟ್ಟೆಗೆ ಕಿಲೋ ಲೆಕ್ಕ. ಎಳೆದಂತೆ ಹಿಗ್ಗುವ ಬಟ್ಟೆಗೆ ಮೀಟರ್ ನಂಬಿಕೆಯ ಅಳತೆಯಲ್ಲ. ಆದರೆ ಕಿಲೋ ದರವನ್ನಷ್ಟೇ ಕೇಳಿದರೂ ಸಾಲದು. ‘ಜಿ.ಎಸ್.ಎಂ.’, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂಬುದನ್ನೂ ಕೇಳಬೇಕು. 160 ಜಿ.ಎಸ್.ಎಂ. ಬಟ್ಟೆ 100 ಕಿಲೋ ಕೊಂಡರೆ 625 ಚದರ ಮೀಟರ್ ಸಿಗುತ್ತದೆ, 200 ಜಿ.ಎಸ್.ಎಂ. ಆದರೆ 500 ಮಾತ್ರ. ದರ ಒಂದೇ, ಹೊಲಿಯುವ ಅಂಗಿಗಳ ಸಂಖ್ಯೆ ಬೇರೆ!

ಬಿಲ್ಲಿನಲ್ಲೂ ಎಚ್ಚರ ಬೇಕು. ಎಚ್.ಎಸ್.ಎನ್. ಪಟ್ಟಿಯಲ್ಲಿ ಹೆಣೆದ ಉಡುಪು 61ನೇ ಅಧ್ಯಾಯ, ಹೆಣೆಯದ ಉಡುಪು 62ನೆಯದು. ಗಂಡಸರ ಶರ್ಟು ಹೆಣೆದದ್ದಾದರೆ 6105, ನೇಯ್ದದ್ದಾದರೆ 6205. ‘ಹತ್ತಿ ಶರ್ಟು’ ಎಂದಷ್ಟೇ ಬರೆದರೆ ಯಾವುದೆಂದು ತಿಳಿಯದು. ಪರದೇಶಕ್ಕೆ ಮಾಲು ಕಳಿಸುವವರಂತೂ ಇದನ್ನು ಮರೆಯಬಾರದು. ಕಸ್ಟಮ್ಸ್‌ನವರು ನೋಡುವುದು ಈ ಅಂಕಿಗಳನ್ನೇ.

ಸಂಶಯ ಬಂದರೆ ಏನು ಮಾಡಬೇಕು? ಎಳೆದು ನೋಡಿದರೆ ಸಾಲದು, ಏಕೆಂದರೆ ಲೈಕ್ರಾ ಬೆರೆಸಿದ ನೇಯ್ದ ಬಟ್ಟೆಯೂ ಹಿಗ್ಗುತ್ತದೆ. ಭೂತಗನ್ನಡಿ ಹಿಡಿಯಿರಿ. ಕುಣಿಕೆ ಕಂಡರೆ ಹೆಣಿಗೆ, ಅಡ್ಡ-ಉದ್ದ ಎಳೆ ಕಂಡರೆ ನೇಯ್ಗೆ.

ಗಿರಾಕಿಗೆ ಮಾಲಿನ ನಿಜ ಹೇಳುವುದು ವ್ಯಾಪಾರಿಯ ಧರ್ಮ. ಅದಕ್ಕೆ ಮೊದಲು ಆ ನಿಜ ನಮಗೆ ತಿಳಿದಿರಬೇಕಲ್ಲವೇ?