ಬಟ್ಟಲಲ್ಲಿದ್ದರೂ ತಾಯಿಯ ಹಾಲೇ



ಅಣ್ಣಿಗೇರಿಯ ಕಡೆಯ ಹಳ್ಳಿಯೊಂದರಿಂದ ಸೋದರಿಯೊಬ್ಬರು ಬರೆದ ಪತ್ರ ಕಳೆದ ತಿಂಗಳು ನನ್ನ ಕೈಸೇರಿತು. ಆಕೆ ಚಿಕ್ಕ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಚೊಚ್ಚಲ ಕೂಸಿಗೆ ಎರಡೂವರೆ ತಿಂಗಳು. ಮೇ ತಿಂಗಳ ಕೊನೆಗೆ ಶಾಲೆ ತೆರೆದೊಡನೆ ಕೆಲಸಕ್ಕೆ ಹಾಜರಾಗಬೇಕು. ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುವುದಾಗಿ ಹೇಳಿದ್ದಾರಂತೆ. ಬೆಳಗಿನ ಎಂಟರ ಬಸ್ಸಿಗೆ ಹೊರಟರೆ ಮನೆ ಸೇರುವುದು ಸಂಜೆ ಐದಕ್ಕೆ. ಎರಡು ವರ್ಷದಿಂದ ಹೊಲದ ಬೆಳೆ ಸರಿಯಾಗಿ ಕೈಗೆ ಹತ್ತಿಲ್ಲವಾದ್ದರಿಂದ ಸಂಬಳ ಬಿಡುವಂತಿಲ್ಲ. ಅತ್ತೆಯವರು ಹಾಲಿನ ಪುಡಿಯ ಡಬ್ಬಿಯನ್ನೂ ಬಾಟಲಿಯನ್ನೂ ಆಗಲೇ ತರಿಸಿಟ್ಟಿದ್ದಾರೆ. ಎದೆಹಾಲನ್ನೇ ಹಿಂಡಿಟ್ಟು ಹೋಗುತ್ತೇನೆಂದರೆ, “ಹಿಂಡಿಟ್ಟ ಹಾಲು ಕೂಸಿಗೆ ಹತ್ತೂದಿಲ್ಲವ್ವಾ, ಕೆಟ್ಟ ಹೋಗತದ” ಎನ್ನುತ್ತಾರೆ. ಮೊಲೆಯೂಡಿಸುವುದನ್ನು ಬಿಡಬೇಕೆ, ಕೆಲಸ ಬಿಡಬೇಕೆ, ಅಥವಾ ಯಂತ್ರ ತಂದು ಹಾಲು ತೆಗೆದಿಡಬಹುದೆ ಎಂಬುದು ಆಕೆಯ ಪ್ರಶ್ನೆ.

ಉತ್ತರವನ್ನು ಅಂಚೆಯಲ್ಲಿ ಆಗಲೇ ಕಳುಹಿಸಿದ್ದೇನೆ. ಆದರೆ ಈ ಪ್ರಶ್ನೆ ಒಂದು ಮನೆಯದಲ್ಲ. ಆಶಾ ಕಾರ್ಯಕರ್ತೆಯರದು, ನರ್ಸ್‌ಗಳದು, ಕೂಲಿಗೆ ಹೋಗುವ ತಾಯಂದಿರದು. ಒಂದು ಕಾಲಕ್ಕೆ ನನ್ನದೂ ಆಗಿತ್ತು. ಆದ್ದರಿಂದ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಡುತ್ತೇನೆ.

1984ರಲ್ಲಿ ನಾನು ಕುಂದಗೋಳ ತಾಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ಮೂರು ತಿಂಗಳ ಕೂಸನ್ನು ಅತ್ತೆಯವರ ಬಳಿ ಬಿಟ್ಟು ಶಾಲೆಗೆ ಹೋದ ಮೊದಲ ದಿನವೇ, ಹನ್ನೊಂದು ಗಂಟೆಯ ಹೊತ್ತಿಗೆ ಎದೆ ಕಲ್ಲಿನಂತಾಯಿತು. ಕುಪ್ಪಸ ತೊಯ್ದು, ಸೆರಗು ಬಿಗಿಯಾಗಿ ಹೊದ್ದು, ಮಕ್ಕಳಿಗೆ ಬೆನ್ನು ತಿರುಗಿಸಿ ಹಲಗೆಯ ಮೇಲೆ ಬರೆಯುತ್ತ ನಿಂತೆ. ನೋವು ತಾಳಲಾರದೆ ಶಾಲೆಯ ಹಿಂದಿನ ಗೋಡೆಯ ಮರೆಯಲ್ಲಿ ನಾಲ್ಕು ಹನಿ ಹಿಂಡಿ ಚೆಲ್ಲಿದರೆ, ಏನೋ ಪಾಪ ಮಾಡಿದಂತೆ ಭಯ. ಎರಡನೆಯ ವಾರದಿಂದ ಅದನ್ನೂ ಬಿಟ್ಟೆ. ಮೂರನೆಯ ವಾರಕ್ಕೆ ಹಾಲು ಇಳಿಯತೊಡಗಿತು. ಮನೆಯಲ್ಲಿ ಬಾಟಲಿ ಬಂತು. ಡಬ್ಬಿ ತುಟ್ಟಿ ಎಂದು ಪುಡಿ ಕಡಿಮೆ, ನೀರು ಹೆಚ್ಚು ಹಾಕಿದರು. ಮಳೆಗಾಲ ಬೇರೆ. ಕೂಸಿಗೆ ಭೇದಿ ಹತ್ತಿ ಎಂಟು ದಿನ ಆಸ್ಪತ್ರೆಯಲ್ಲಿ ಸಲೈನಿನ ಮೇಲೆ ಮಲಗಿಸಬೇಕಾಯಿತು. ಮಗ ಉಳಿದ, ಈಗ ಅವನಿಗೇ ಇಬ್ಬರು ಮಕ್ಕಳು. ಆದರೆ “ಮೈಯಾಗ ಹಾಲಿಲ್ಲದಾಕಿ” ಎಂಬ ಮಾತು ಬಹುಕಾಲ ನನ್ನ ಬೆನ್ನು ಹತ್ತಿತ್ತು. ನನ್ನ ಮೈಯಲ್ಲಿ ಹಾಲಿತ್ತು. ಅದನ್ನು ಹಗಲು ಹೊತ್ತು ಹೊರತೆಗೆಯದಿದ್ದರೆ ಬತ್ತುತ್ತದೆಂದು ಹೇಳುವವರು ಇರಲಿಲ್ಲ.

ಇಡೀ ವಿಷಯದ ಬುಡ ಇಲ್ಲಿದೆ. ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಲ್ಲ, ಬಾವಿಯ ಸೆಲೆ. ಎದೆ ಬರಿದಾದಷ್ಟು ಮತ್ತೆ ತುಂಬುತ್ತದೆ. ತುಂಬಿದ್ದು ತುಂಬಿದಂತೆಯೇ ಉಳಿದರೆ, ಇಷ್ಟು ಬೇಡವಾಗಿದೆ ಎಂದು ತಿಳಿದು ದೇಹವೇ ಉತ್ಪತ್ತಿಯನ್ನು ತಗ್ಗಿಸುತ್ತದೆ. ಹಾಲನ್ನು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಎಂಬ ರಸ ರಾತ್ರಿಯ ಹೊತ್ತು ಹೆಚ್ಚು ಸ್ರವಿಸುತ್ತದೆ. ಆದ್ದರಿಂದ ಹಗಲು ದೂರವಿರುವ ತಾಯಿಗೆ ರಾತ್ರಿ ಕೂಸನ್ನು ಮಗ್ಗುಲಲ್ಲಿಟ್ಟುಕೊಂಡು ಕುಡಿಸುವುದೇ ದೊಡ್ಡ ಆಧಾರ. ರಾತ್ರಿ ನಿದ್ದೆ ಕೆಡುತ್ತದೆಂದು ಅದನ್ನು ತಪ್ಪಿಸುವವರು ಹಗಲಿನ ಹಾಲನ್ನೂ ಕಳೆದುಕೊಳ್ಳುತ್ತಾರೆ.

ನೇರವಾಗಿ ಮೊಲೆಯೂಡಿಸುವುದೇ ಉತ್ತಮವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅದಕ್ಕೆ ಪಾತ್ರೆ ಬೇಡ, ಒಲೆ ಬೇಡ, ಕರೆಂಟು ಬೇಡ. ಧೂಳು ಸೋಂಕದು, ನೊಣ ಕೂಡದು. ಕೂಸು ತನಗೆ ಸಾಕೆನಿಸಿದಾಗ ತಾನೇ ಬಿಡುತ್ತದೆ. ಕಳೆ ತೆಗೆಯಲು, ಮೆಣಸಿನಕಾಯಿ ಬಿಡಿಸಲು ಹೋಗುವ ತಾಯಿ ಬದುವಿನ ಬೇವಿನ ಮರಕ್ಕೆ ಜೋಳಿಗೆ ಕಟ್ಟಿ, ಎರಡು ತಾಸಿಗೊಮ್ಮೆ ಬಂದು ಎದೆಗೆ ಹಾಕಿಕೊಳ್ಳುವ ನಮ್ಮ ಹಳೆಯ ಪದ್ಧತಿಗಿಂತ ಒಳ್ಳೆಯದನ್ನು ಯಾವ ಯಂತ್ರವೂ ಕೊಡಲಾರದು. ಹೊಲಕ್ಕೆ ಔಷಧ ಹೊಡೆಯುವ ದಿನ ಮಾತ್ರ ಕೂಸನ್ನು ಅತ್ತ ಒಯ್ಯಬಾರದು. ತಾಯಿ ಮನೆಗೆ ಬಂದ ಮೇಲೆ ಮೈ ತೊಳೆದು, ಸೀರೆ ಬದಲಿಸಿ ಕುಡಿಸಬೇಕು. ಇನ್ನೊಂದು ಮಾತು: ನವಲಗುಂದದ ಎರೆಹೊಲದ ಬಿಸಿಲು ಎಂಥದೆಂದು ನನಗೆ ಗೊತ್ತು. ಆದರೂ ಆರು ತಿಂಗಳು ತುಂಬುವವರೆಗೆ ಕೂಸಿಗೆ ನೀರು ಬೇಡ, ಎದೆಹಾಲಿನಲ್ಲೇ ಬೇಕಾದಷ್ಟು ನೀರಿದೆ. ನೀರು ಕುಡಿಯಬೇಕಾದವಳು ತಾಯಿ.

ತಾಯಿ ಕೂಸು ಒಂದೆಡೆ ಇರಲಾಗದ ಹೊತ್ತಿನ ಮಾತೇ ಬೇರೆ. ಆಗ ಹಿಂಡಿದ ಎದೆಹಾಲನ್ನು ಮೊಲೆಯೊಡನೆ ಹೋಲಿಸಿ ನೋಡುವುದು ತಪ್ಪು. ಹೋಲಿಸಬೇಕಾದದ್ದು ಡಬ್ಬಿಯ ಪುಡಿಯೊಡನೆ. ಬಟ್ಟಲಿಗೆ ಬಂದರೂ ಅದರ ಪೌಷ್ಟಿಕತೆ, ರೋಗ ತಡೆಯುವ ಗುಣ ಬಹುಮಟ್ಟಿಗೆ ಹಾಗೆಯೇ ಇರುತ್ತವೆ. ಪುಡಿಗೆ ಆ ಗುಣವಿಲ್ಲ, ಜೊತೆಗೆ ನಮ್ಮ ಊರಿನ ನೀರನ್ನೂ ಬೆರೆಸಬೇಕು. ಶಿಶು ಆಹಾರದ ಪುಡಿ ಮತ್ತು ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದ 1992ರ ಕಾಯ್ದೆ ನಿಷೇಧಿಸಿದೆ; ತಾಯಿಯ ಹಾಲೇ ಶ್ರೇಷ್ಠವೆಂಬ ಸೂಚನೆಯನ್ನು ಡಬ್ಬಿಯ ಮೇಲೆ ಮುದ್ರಿಸಲೇಬೇಕೆಂದು ವಿಧಿಸಿದೆ. ಅಕ್ಷರ ಬಲ್ಲ ಸೊಸೆ ಆ ಸೂಚನೆಯನ್ನು ಅತ್ತೆಯವರಿಗೆ ಓದಿ ಹೇಳಿದರೆ ಜಗಳವಿಲ್ಲದೆ ಅರ್ಧ ಕೆಲಸವಾದೀತು.

ಹಾಲು ಹಿಂಡಲು ಯಂತ್ರವೇ ಬೇಕೆಂದಿಲ್ಲ. ಕೈಯನ್ನು ಸಾಬೂನಿನಿಂದ ತೊಳೆದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎದೆಗೆ ಕಾವು ಕೊಟ್ಟು, ಮೃದುವಾಗಿ ತೀಡಿಕೊಳ್ಳಿರಿ. ಮೊಲೆತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಂಚಿಗೆ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಟ್ಟು, ಮೊದಲು ಎದೆಗೂಡಿನತ್ತ ಒತ್ತಿ, ಬಳಿಕ ಬೆರಳುಗಳನ್ನು ಕೂಡಿಸಿ ಅದುಮಿ ಬಿಡಬೇಕು. ತೊಟ್ಟನ್ನು ಹಿಡಿದು ಎಳೆಯಬಾರದು. ಮೊದಲು ಹನಿ ಹನಿಯಾಗಿ, ಬಳಿಕ ಧಾರೆಯಾಗಿ ಬರುತ್ತದೆ. ಒಂದೊಂದು ಕಡೆ ಮೂರು ನಾಲ್ಕು ನಿಮಿಷದಂತೆ ಬದಲಿಸುತ್ತ ಹೋದರೆ ಒಟ್ಟು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ನೋಯುತ್ತಿದ್ದರೆ ಬೆರಳಿನ ಸ್ಥಾನ ತಪ್ಪಿದೆಯೆಂದು ತಿಳಿಯಿರಿ. ಹೆರಿಗೆ ವಾರ್ಡಿನ ದಾದಿಯರನ್ನೋ ನಿಮ್ಮೂರ ಆಶಾ ಕಾರ್ಯಕರ್ತೆಯನ್ನೋ ಕೇಳಿದರೆ ಕೈಹಿಡಿದು ತೋರಿಸಿಕೊಡುತ್ತಾರೆ. ನಿತ್ಯ ದೂರವಿರುವವರಿಗೆ ಯಂತ್ರ ಸಮಯ ಉಳಿಸುತ್ತದೆ ನಿಜ. ಆದರೆ ಬಳಸಿದಾಗಲೆಲ್ಲ ಅದರ ಬಿಡಿಭಾಗಗಳನ್ನು ಬಿಚ್ಚಿ ತೊಳೆಯುವ ವ್ಯವಧಾನವಿದ್ದರೆ ಮಾತ್ರ ಕೊಳ್ಳಿರಿ. ರಬ್ಬರಿನ ಬುಗ್ಗೆಯಿರುವ ಹಳೆಯ ಅಗ್ಗದ ಪಂಪು ಬೇಡವೇ ಬೇಡ. ಆ ಬುಗ್ಗೆಯ ಒಳಗನ್ನು ಯಾರೂ ತೊಳೆಯಲಾರರು.

ಹಾಲು ಕೆಟ್ಟುಹೋಗುತ್ತದೆಂಬ ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ. ಹಿಂಡಿದ ಹಾಲು ಹೊರಗಡೆ ನಾಲ್ಕು ತಾಸು ಇರುತ್ತದೆಂಬ ಲೆಕ್ಕ 25 ಡಿಗ್ರಿ ಉಷ್ಣಕ್ಕೆ ಹೇಳಿದ್ದು. ನಮ್ಮ ಬೇಸಿಗೆಗೆ ಆ ಲೆಕ್ಕ ಹೊಂದದು. ಇಲ್ಲಿ ಹಿಂಡಿದ ಕೂಡಲೇ ಫ್ರಿಜ್‌ನಲ್ಲಿಡಬೇಕು, ಇಲ್ಲವೇ ಬೇಗನೆ ಕುಡಿಸಬೇಕು. ಕುದಿಸಿ ಆರಿಸಿದ ಸ್ಟೀಲಿನ ಮುಚ್ಚಳದ ಡಬ್ಬಿಗಳಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿ ಫ್ರಿಜ್‌ನ ಹಿಂಭಾಗದಲ್ಲಿಟ್ಟರೆ ನಾಲ್ಕು ದಿನ ಇರುತ್ತದೆ; ಬಾಗಿಲಿನ ಕಪಾಟಿನಲ್ಲಿ ಇಡಬಾರದು. ಗಂಟೆಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ನಾಲ್ಕು ದಿನದ ಭರವಸೆ ಬೇಡ. ಇಂದಿನದನ್ನು ನಾಳೆಗೆ ಮುಗಿಸಿರಿ. ಕೆನೆ ಬೇರ್ಪಟ್ಟು ಮೇಲೆ ತೇಲಿದರೆ ಹಾಲು ಒಡೆದಿದೆಯೆಂದು ಚೆಲ್ಲಬೇಡಿರಿ, ಮೆಲ್ಲಗೆ ಅಲುಗಿಸಿದರೆ ಕೂಡಿಕೊಳ್ಳುತ್ತದೆ. ಒಲೆಯ ಮೇಲೆ ಕಾಯಿಸಬಾರದು; ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ತಣುಪು ಕಳೆದರೆ ಸಾಕು. ಕೂಸು ಕುಡಿದು ಉಳಿಸಿದ್ದನ್ನು ಎರಡು ತಾಸಿನೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು.

ಕುಡಿಸುವುದಕ್ಕೆ ಬಾಟಲಿ ಬೇಡ. ನಮ್ಮ ಅಜ್ಜಿಯರ ಒಳಲೆ ಇದೆ, ಚಮಚವಿದೆ, ಸಣ್ಣ ವಾಟಗ ಇದೆ. ಬಾಟಲಿಯ ರಬ್ಬರಿನ ತೊಟ್ಟನ್ನು ಶುಚಿಯಾಗಿಡುವುದು ಕಷ್ಟ; ಅದರ ರೂಢಿ ಬಿದ್ದ ಕೆಲವು ಕೂಸುಗಳು ತಾಯಿಯ ಮೊಲೆಯನ್ನು ಒಲ್ಲೆನ್ನುವುದೂ ಉಂಟು. ಕೂಸನ್ನು ಮಲಗಿಸದೆ, ತಲೆಯೆತ್ತಿ ಕೂರಿಸಿಕೊಂಡು, ವಾಟಗದ ಅಂಚನ್ನು ತುಟಿಗೆ ತಾಕಿಸಿದರೆ ಅದೇ ನೆಕ್ಕಿ ಕುಡಿಯುತ್ತದೆ. ಬಾಯಿಗೆ ಸುರಿಯಬಾರದು.

ಇಲ್ಲಿ ಅತ್ತೆಯಂದಿರಲ್ಲಿ ಒಂದು ವಿನಂತಿ. ನಾನೂ ಅತ್ತೆಯೇ ಆದ್ದರಿಂದ ಹೇಳುವ ಸಲುಗೆಯಿದೆ. ಹಾಲು ಹಿಂಡಿಡುವ ರೂಢಿ ಬಂದ ಕೆಲವು ಮನೆಗಳಲ್ಲಿ ಹೊಸದೊಂದು ಅನ್ಯಾಯ ಕಂಡಿದ್ದೇನೆ. ಸೊಸೆ ಸಂಜೆ ಮನೆಗೆ ಬಂದಿರುತ್ತಾಳೆ, ಕೂಸು ಅಳುತ್ತಿರುತ್ತದೆ. ಆಗ, “ನೀ ರೊಟ್ಟಿ ಬಡಿ, ಫ್ರಿಜ್‌ನ್ಯಾಗಿನ ಹಾಲು ನಾ ಕುಡಸ್ತೀನಿ” ಎಂದುಬಿಡುತ್ತಾರೆ. ತಾಯಿ ಎದುರಿಗಿರುವಾಗ ಫ್ರಿಜ್‌ನ ಹಾಲೇಕೆ? ರೊಟ್ಟಿಯನ್ನು ಯಾರು ಬಡಿದರೂ ಆಗುತ್ತದೆ, ಮೊಲೆಯೂಡಿಸುವುದು ಅವಳೊಬ್ಬಳಿಂದಲೇ ಆಗುವ ಕೆಲಸ. ನನ್ನ ತವರಿನಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲಿತ್ತು; ಅದು ತೂಗುತ್ತಿದ್ದುದು ಅಡಿಗೆಮನೆಯ ಬಾಗಿಲಲ್ಲಿ. ನನ್ನ ತಾಯಿ ಒಲೆಯ ಮುಂದಿನಿಂದ ಎದ್ದು ಕೂಸಿನ ಕಡೆಗೆ ಹೋದರೆ, ಕೈಯಲ್ಲಿದ್ದ ಹಿಟ್ಟನ್ನು ಅಜ್ಜಿ ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದಳು.

ಹಿಂಡುವುದೇ ಏಕಮಾತ್ರ ದಾರಿಯಾಗುವ ಸಂದರ್ಭವೂ ಒಂದಿದೆ. ಎಂಟು ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಚೀಪಿ, ನುಂಗಿ, ಉಸಿರಾಡುವುದನ್ನು ಹೊಂದಿಸಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಅಂಥ ಕೂಸನ್ನು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿಟ್ಟಾಗ, ನಳಿಕೆಯ ಮೂಲಕ ಹೋಗುವ ತಾಯಿಯ ಹಾಲೇ ಅರ್ಧ ಔಷಧ. ಹೆರಿಗೆಯಾದ ಮೊದಲ ತಾಸುಗಳಲ್ಲೇ ಹಿಂಡಲಾರಂಭಿಸಿ, ದಿನಕ್ಕೆ ಎಂಟು ಹತ್ತು ಸಲ, ರಾತ್ರಿಯೂ ಬಿಡದೆ ಹಿಂಡಬೇಕು. ಮೊದಲು ಬರುವ ಹಳದಿ ಹಾಲು ಒಂದು ಚಮಚವೇ ಇದ್ದರೂ ಅದನ್ನು ಚೆಲ್ಲಬಾರದು. ಹಾಲು ಸಾಲದ ಅಥವಾ ತಾಯಿ ತೀರಿಹೋದ ಶಿಶುಗಳಿಗಾಗಿ ಹಾಲಿನ ಬ್ಯಾಂಕುಗಳೂ ಬಂದಿವೆ. ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಇಂಥ ಬ್ಯಾಂಕನ್ನು ಸ್ಥಾಪಿಸಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಆರಂಭವಾಯಿತು. ಹಿಂಡಿದ ಹಾಲು ಕೂಸಿಗೆ ಹತ್ತದೆನ್ನುವವರು ಅಲ್ಲಿ ತೂಕ ಹೆಚ್ಚಿಸಿಕೊಂಡು ಮನೆಗೆ ಹೋಗುವ ಕೂಸುಗಳನ್ನು ನೆನೆಯಬೇಕು.

ಇನ್ನು ನಮ್ಮ ಶಿಕ್ಷಕಿ ಸೋದರಿಗೆ ಬರೆದದ್ದಿಷ್ಟು. ಶಾಲೆಯಲ್ಲಿ ಹತ್ತು ಅಥವಾ ಹೆಚ್ಚು ಸಿಬ್ಬಂದಿಯಿದ್ದರೆ ನಿಮಗೆ 26 ವಾರಗಳ ಸಂಬಳ ಸಹಿತ ರಜೆಯ ಹಕ್ಕಿದೆ. 2017ರಲ್ಲಿ ಬಂದ ಈ ನಿಯಮ ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಮರಳಿ ಕೆಲಸಕ್ಕೆ ಬಂದ ತಾಯಿಗೆ ಕೂಸಿಗೆ ಹದಿನೈದು ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆರಡು ಬಿಡುವುಗಳೂ ಅದರಲ್ಲಿವೆ. ಮೊದಲು ಅದನ್ನು ಕೇಳಿರಿ. ಹೋಗಲೇಬೇಕಾದರೆ ಹದಿನೈದು ದಿನ ಮುಂಚಿನಿಂದ ಬೆಳಗಿನ ಮೊದಲ ಹಾಲುಣಿಸಿದ ಬಳಿಕ ಸ್ವಲ್ಪ ಸ್ವಲ್ಪ ಹಿಂಡುವ ರೂಢಿ ಮಾಡಿರಿ. ದೂರವಿರುವ ಒಂದೊಂದು ತಾಸಿಗೆ ಸುಮಾರು 30ರಿಂದ 45 ಮಿಲಿಲೀಟರ್ ಬೇಕಾದೀತು. ಒಂಬತ್ತು ತಾಸಿಗೆ 300, 400 ಮಿಲಿಲೀಟರ್ ಸಿದ್ಧವಿರಲಿ. ಬಸ್ಸು ಹತ್ತುವ ಮುನ್ನ, ಮನೆ ಸೇರಿದ ಕೂಡಲೇ, ರಾತ್ರಿಯಿಡೀ ನೇರವಾಗಿ ಕುಡಿಸಿರಿ. ಶಾಲೆಯಲ್ಲಿ ಎರಡು ಮೂರು ಸಲ ಹಿಂಡಲು ಬಾಗಿಲು ಹಾಕಿಕೊಳ್ಳುವ ಒಂದು ಕೋಣೆಯನ್ನು ಮುಖ್ಯಾಧ್ಯಾಪಕರಲ್ಲಿ ಸಂಕೋಚವಿಲ್ಲದೆ ಕೇಳಿರಿ. ಅಗಲ ಬಾಯಿಯ ಥರ್ಮಾಸ್‌ಗೆ ಬರ್ಫ ತುಂಬಿ ಅದರಲ್ಲಿ ಡಬ್ಬಿ ಇಟ್ಟರೆ ಸಂಜೆಯವರೆಗೆ ಹಾಲು ಕೆಡದು. ಬರ್ಫ ಸಿಗದ ದಿನ ಹಿಂಡಿ ಚೆಲ್ಲಿರಿ, ಆದರೆ ಹಿಂಡುವುದನ್ನು ಬಿಡಬೇಡಿರಿ. ಆ ಹಾಲು ನೆಲಕ್ಕೆ ಹೋದರೂ ಮರುದಿನದ ಹಾಲನ್ನು ಉಳಿಸುತ್ತದೆ. ಎದೆ ಕೆಂಪೇರಿ, ಗಟ್ಟಿಯಾಗಿ, ಜ್ವರ ಬಂದರೆ ಅಂದೇ ವೈದ್ಯರಿಗೆ ತೋರಿಸಿರಿ, ಕುಡಿಸುವುದನ್ನು ನಿಲ್ಲಿಸಬೇಡಿರಿ.

ಪತ್ರದ ಕೊನೆಗೆ ಆಕೆ ಸಣ್ಣ ಅಕ್ಷರದಲ್ಲಿ ಕೇಳಿದ್ದರು: ಅತ್ತೆಯವರು ತರಿಸಿದ ಪುಡಿಯ ಡಬ್ಬಿಯನ್ನು ಏನು ಮಾಡಲಿ, ಇನ್ನೂ ಒಡೆದಿಲ್ಲ, ಬಿಸಾಡಿದರೆ ಬೇಸರ ಮಾಡಿಕೊಳ್ಳುತ್ತಾರೆ ಎಂದು. ಒಡೆಯದಿದ್ದರೆ ಅಂಗಡಿಯವರು ಮರಳಿ ತೆಗೆದುಕೊಂಡಾರು, ಕೇಳಿ ನೋಡಿರಿ. ಆ ಹಣದಲ್ಲಿ ನಾಲ್ಕು ಸ್ಟೀಲಿನ ಡಬ್ಬಿ, ಒಂದು ಒಳಲೆ ಬರುತ್ತವೆ. ಅವನ್ನು ಅತ್ತೆಯವರಿಂದಲೇ ಆರಿಸಿರಿ, ಹಗಲು ಕುಡಿಸುವವರು ಅವರೇ ತಾನೇ. ಶಾಲೆ ತೆರೆದ ಮೊದಲ ವಾರ ಹೇಗೆ ಕಳೆಯಿತೆಂದು ಒಂದು ಕಾರ್ಡು ಬರೆದರೆ ಮುಂದಿನ ಸಂಚಿಕೆಯಲ್ಲಿ ಓದುಗರಿಗೆ ತಿಳಿಸುವೆ.