ತಟ್ಟೆ ಕಾಯುವವರು ಬೇಕಾದಷ್ಟು, ಜೊತೆಗೆ ಬರುವವರು ಯಾರು?



ಆರಾಧನೆ ಮುಗಿಸಿ ಪ್ರೀತಿ ಭೋಜನಕ್ಕೆ ಕುಳಿತಾಗ ಸ್ವಲ್ಪ ಗಮನಿಸಿ. ಶುಗರ್ ಇರುವ ಹಿರಿಯರು ಒಂದು ಚಮಚ ಪಾಯಸ ಹಾಕಿಸಿಕೊಂಡರೆ ಸಾಕು, "ನಿಮಗೆ ಶುಗರ್ ಅಲ್ವಾ?" ಅಂತ ನಾಲ್ಕು ಕಡೆಯಿಂದ ಮಾತು ಬರುತ್ತದೆ. ಅವರೇ ಎರಡು ವಾರ ಸಭೆಗೆ ಬರದಿದ್ದರೆ ಮನೆಗೆ ಹೋಗಿ ವಿಚಾರಿಸುವವರು ಕಡಿಮೆ. ಇದನ್ನು ಕಾಳಜಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಇದು ಬರೀ ಪಹರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಈ ಕಾಯಿಲೆಗೆ ರಜೆ ಇಲ್ಲ. ದಿನಾ ಮಾತ್ರೆ, ದಿನಾ ಲೆಕ್ಕ, ಕಾಲಿಗೆ ಗಾಯವಾದರೆ ಭಯ. ಹೀಗೆ ಮನಸ್ಸು ಸೋಲುವುದನ್ನು ವೈದ್ಯರು 'ಡಯಾಬಿಟಿಸ್ ಡಿಸ್ಟ್ರೆಸ್' ಅನ್ನುತ್ತಾರೆ. ಅದನ್ನು ಅಳೆಯಲು ಅಮೆರಿಕದ ವಿಲಿಯಂ ಪೊಲೊನ್ಸ್ಕಿ ಮತ್ತು ಸಂಗಡಿಗರು 1995ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಒಂಟಿ ಅನ್ನಿಸುತ್ತದೆಯೇ, ಪಥ್ಯ ತಪ್ಪಿದಾಗ ತಪ್ಪಿತಸ್ಥ ಭಾವ ಕಾಡುತ್ತದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ನಮ್ಮ ಪಹರೆಯಿಂದ ಹೆಚ್ಚಾಗುವುದು ಇವೇ ಎರಡು.

ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆ ಈ ಒಂಟಿತನ ಬೇರೆ ರೀತಿಯದು. ಪಾಲಮೂರು ಸೀಮೆ ಅಂದರೆ ವಲಸೆ. ಮಗ-ಸೊಸೆ ಪುಣೆ, ಮುಂಬೈ, ಬೆಂಗಳೂರಲ್ಲಿ ಕೂಲಿಗೆ. ಮನೆಯಲ್ಲಿ ಅಜ್ಜಿ, ಮೊಮ್ಮಕ್ಕಳು. ಅಜ್ಜಿಯ ಮನೆಮಾತು ಕನ್ನಡ, ಆಸ್ಪತ್ರೆಯ ಮಾತು ತೆಲುಗು, ಚೀಟಿ ಇಂಗ್ಲಿಷ್. ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಅಂತ ಯಾರನ್ನು ಕೇಳಬೇಕು? ಇನ್ನು ಸೀರೆ ನೇಯುವವರಿಗೆ ಡಾಕ್ಟರು "ದಿನಾ ನಡೆಯಿರಿ" ಅಂತಾರೆ. ಮಗ್ಗದಿಂದ ಎದ್ದಷ್ಟು ಹೊತ್ತು ಕೂಲಿಯೂ ನಿಲ್ಲುತ್ತದೆ ಅನ್ನುವುದು ಚೀಟಿಯಲ್ಲಿ ಬರೆದಿರುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. "ವಿಶ್ವಾಸ ಇದ್ದರೆ ಮಾತ್ರೆ ಯಾಕೆ?" ಅನ್ನುವವರು ನಮ್ಮಲ್ಲೇ ಇದ್ದಾರೆ. ಪ್ರಾರ್ಥನೆ ಮಾಡೋಣ, ತಪ್ಪದೆ ಮಾಡೋಣ. ಆದರೆ ಇನ್ಸುಲಿನ್ ನಿಲ್ಲಿಸಿ ಅಂತ ಯಾರೂ ಹೇಳಬಾರದು. ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಉಪವಾಸ ಪ್ರಾರ್ಥನೆಗೆ ಕೂರುವ ಶುಗರ್ ಪೇಷಂಟ್‌ಗಳೂ ಡಾಕ್ಟರನ್ನು ಕೇಳಿಯೇ ಕೂರಲಿ. ಶುಗರ್ ಜಾಸ್ತಿಯಾದರೆ ವಿಶ್ವಾಸ ಕಮ್ಮಿ ಅನ್ನುವ ಮಾತಂತೂ ಕ್ರೂರ. ಅದನ್ನು ಕೇಳಿಸಿಕೊಂಡವರು ಮುಂದೆ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಮದುವೆಯ ವಯಸ್ಸಿನ ಹೆಣ್ಣುಮಕ್ಕಳ ಮನೆಗಳಲ್ಲಿ ಮೊದಲೇ ಮುಚ್ಚಿಡುತ್ತಾರೆ.

ಯೋಹಾನನ ಸುವಾರ್ತೆಯಲ್ಲಿ ಬೇತೆಸ್ದ ಕೊಳದ ಬಳಿ 38 ವರ್ಷ ರೋಗಿಯಾಗಿದ್ದವನು ನೆನಪಿದ್ದಾನಲ್ಲ? ವಾಸಿಯಾಗಬೇಕೇ ಅಂತ ಯೇಸು ಕೇಳಿದಾಗ ಅವನು ಮೊದಲು ಹೇಳಿದ್ದು ತನಗೆ ಯಾರೂ ಇಲ್ಲ ಅಂತ.

ಯುವಕರ ಕೂಟದಿಂದ ಒಬ್ಬೊಬ್ಬರು ಒಂದು ಮನೆ ಹಿಡಿಯಬಹುದು. ಆಸ್ಪತ್ರೆಗೆ ಜೊತೆಗೆ ಹೋಗಿ, ಚೀಟಿ ಓದಿ ಕನ್ನಡದಲ್ಲಿ ಹೇಳಿ. ಸಂಜೆ ಅವರೊಟ್ಟಿಗೆ ನಡೆಯಿರಿ. ಉಪದೇಶ ಬೇಡ, ಊರ ಸುದ್ದಿ ಸಾಕು. ಮನೆಯಲ್ಲಿ ಅವರಿಗೊಂದು ಪಾತ್ರೆ, ನಮಗೊಂದು ಪಾತ್ರೆ ಮಾಡದೆ ಎಲ್ಲರೂ ಅದನ್ನೇ ಉಣ್ಣಿ. ದೂರದ ಊರಿನಿಂದ ಫೋನ್ ಮಾಡುವ ಮಕ್ಕಳು "ಶುಗರ್ ಎಷ್ಟು?" ಅಂತ ಕೇಳುವ ಮುಂಚೆ "ನಿದ್ದೆ ಬಂತಾ ಅವ್ವಾ?" ಅಂತ ಕೇಳಲಿ. ಮನಸ್ಸು ತೀರಾ ಕುಗ್ಗಿದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416, ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಅಜ್ಜಿಯ ಫೋನಲ್ಲಿ ಅದನ್ನು ಸೇವ್ ಮಾಡಿಕೊಟ್ಟು ಬನ್ನಿ.